‘ನಿತ್ಯೋತ್ಸವ’ ಧ್ವನಿಸುರುಳಿಯೂ ಅದರ ಕೇಳುಗರೂ

ಒಂದು ಗ್ರಂಥದ ಚರಿತ್ರೆಯನ್ನು ಬರೆಯುವವರು ಅದರ ಕರ್ತೃ ಯಾರು, ಕಾಲ ಯಾವುದು, ಎಷ್ಟು ಸಲ ಮುದ್ರಣವಾಯಿತು ಎಂಬುದನ್ನು ವಿಚಾರಿಸುವುದು ವಾಡಿಕೆ. ಹಾಡಿನ ವಿಷಯದಲ್ಲಿ ಇಷ್ಟು ಸಾಲದು. ಹಾಡು ಹಾಡುವವರಲ್ಲಿ ಅರ್ಧ, ಕೇಳುವವರಲ್ಲಿ ಅರ್ಧ. ಅದು ಯಾರ ಮನೆಯಲ್ಲಿ ಮೊದಲು ಕೇಳಿಸಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮೊದಲ ಸಲ ಕೇಳಿದವರಿಗೆ ಏನೆನ್ನಿಸಿತು ಎಂಬುದನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ. ೧೯೭೮ರಲ್ಲಿ ಹೊರಬಂದ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯನ್ನು ಉದಾಹರಣೆಯಾಗಿಟ್ಟುಕೊಂಡು, ಆ ಉಳಿದರ್ಧವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಧ್ವನಿಮುದ್ರಣಕ್ಕೂ ಮೈಸೂರಿಗೂ ಇರುವ ನಂಟು ಹಳೆಯದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಗ್ರಾಮಫೋನಿನ ಮೂಲಕ ದೇಶಾದ್ಯಂತ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಈ ಊರಿನಲ್ಲಿ. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಅವರು ೧೯೩೦ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಮುಂದೆ ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಹೀಗಿದ್ದರೂ ಗ್ರಾಮಫೋನು ಉಳ್ಳವರ ಮನೆಯ ವಸ್ತುವಾಗಿಯೇ ಬಹುಕಾಲ ಉಳಿಯಿತು. ಬಾನುಲಿಯು ಎಲ್ಲರದಾಯಿತು, ನಿಜ. ಆದರೆ ಅದು ಹಾಡಿದಾಗ ನಾವು ಕೇಳಬೇಕೇ ಹೊರತು, ನಾವು ಬೇಡಿದಾಗ ಅದು ಹಾಡುವುದಿಲ್ಲ.

ಕನ್ನಡ ಕವಿತೆಯನ್ನು ಹಾಡುವ ಪದ್ಧತಿಯಾದರೂ ೧೯೭೮ರಲ್ಲಿ ಹುಟ್ಟಿದ್ದಲ್ಲ. ಪಿ. ಕಾಳಿಂಗರಾಯರು ಬೇಂದ್ರೆ, ಕುವೆಂಪು ಮೊದಲಾದವರ ಗೀತೆಗಳನ್ನು ಊರೂರುಗಳಲ್ಲಿ ಹಾಡಿ, ಪುಸ್ತಕ ಮುಟ್ಟದವರಿಗೂ ಕವಿಗಳ ಹೆಸರನ್ನು ಮುಟ್ಟಿಸಿದ್ದರು. ಅವರ ಹಾಡುಗಳು ಗ್ರಾಮಫೋನು ತಟ್ಟೆಗಳಲ್ಲಿಯೂ ಬಂದುವು. ಆದರೆ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಒಬ್ಬ ಕವಿಯ ಹತ್ತಾರು ಕವಿತೆಗಳನ್ನು ಒಂದೇ ಆಸನದಲ್ಲಿ ಕುಳಿತು ಕೇಳುವ ಅನುಕೂಲ ಅದರಲ್ಲಿ ಇರಲಿಲ್ಲ.

ಆ ಅನುಕೂಲವನ್ನು ತಂದದ್ದು ಕ್ಯಾಸೆಟ್ಟು. ಇಂದಿನ ನಮ್ಮ ಸಹಪಾಠಿಗಳಲ್ಲಿ ಅನೇಕರು ಅದನ್ನು ಕೈಯಲ್ಲಿ ಹಿಡಿದೇ ಇರಲಾರರಾದ್ದರಿಂದ ಅದರ ರಚನೆಯನ್ನು ಸ್ವಲ್ಪ ವಿವರಿಸುವುದು ಉಚಿತ. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಬಳಕೆಗೆ ತಂದ ಈ ಪುಟ್ಟ ಪೆಟ್ಟಿಗೆಯೊಳಗೆ ನಾಲ್ಕು ಮಿಲಿಮೀಟರಿಗಿಂತ ಕಡಮೆ ಅಗಲದ ಒಂದು ಪಟ್ಟಿ ಎರಡು ಚಕ್ರಗಳಿಗೆ ಸುತ್ತಿಕೊಂಡಿರುತ್ತದೆ. ಪಟ್ಟಿಗೆ ಬಳಿದಿರುವುದು ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡು, ಎಂದರೆ ಒಂದು ಬಗೆಯ ತುಕ್ಕು. ಧ್ವನಿಯನ್ನು ವಿದ್ಯುತ್ತಾಗಿಯೂ ವಿದ್ಯುತ್ತನ್ನು ಕಾಂತಶಕ್ತಿಯಾಗಿಯೂ ಮಾರ್ಪಡಿಸಿದಾಗ ಆ ಕಣಗಳು ಹೊಂದುವ ಕಾಂತಸ್ಥಿತಿಯೇ ಹಾಡಿನ ಗುರುತು. ಪಟ್ಟಿಯು ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ಓಡುತ್ತದೆ. ಅರವತ್ತು ನಿಮಿಷದ ಸುರುಳಿಯಲ್ಲಿ ಮಗ್ಗುಲಿಗೆ ಅರ್ಧ ಗಂಟೆಯಂತೆ ಎರಡು ಮಗ್ಗುಲು, ಸುಮಾರು ೮೬ ಮೀಟರು ಉದ್ದದ ಪಟ್ಟಿ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಇದರ ಪ್ರತಿಯನ್ನು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದಾಗಿತ್ತು.

ಇಂಥ ಸಾಧನವು ನಮ್ಮ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸುತ್ತಿದ್ದ ಹೊತ್ತಿಗೇ ‘ನಿತ್ಯೋತ್ಸವ’ ಬಂತು. ಕವಿ ಕೆ. ಎಸ್. ನಿಸಾರ್ ಅಹಮದ್ ೧೯೩೬ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದವರು. ಭೂವಿಜ್ಞಾನವನ್ನು ಓದಿ, ಸರ್ಕಾರಿ ಕಾಲೇಜುಗಳಲ್ಲಿ ಅದನ್ನೇ ಬೋಧಿಸಿದವರು. ಅವರ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ ೧೯೬೦ರಲ್ಲಿಯೂ, ‘ನಿತ್ಯೋತ್ಸವ’ ಸಂಕಲನ ೧೯೭೬ರಲ್ಲಿಯೂ ಪ್ರಕಟವಾದುವು. ಎರಡು ವರ್ಷದ ತರುವಾಯ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನಿಂದ ಹೊರಬಂದುವು. ಕನ್ನಡ ಭಾವಗೀತೆಗಳ ಮೊಟ್ಟಮೊದಲ ಧ್ವನಿಸುರುಳಿಯೆಂದು ಅದು ಪ್ರಸಿದ್ಧವಾಗಿದೆ. ಜೋಗ, ತುಂಗೆ, ಸಹ್ಯಾದ್ರಿಗಳ ಹೆಸರನ್ನು ನೆನೆಯುತ್ತ ನಾಡಿಗೆ ನಮಿಸುವ ಆ ಹಾಡಿನಲ್ಲಿ ಲೋಹದ ಅದಿರಿನ ಪ್ರಸ್ತಾಪವೂ ಇದೆ. ಭೂವಿಜ್ಞಾನದ ಅಧ್ಯಾಪಕರು ಬರೆದ ಆ ಪದ್ಯವು ಕಬ್ಬಿಣದ ಹುಡಿ ಬಳಿದ ಪಟ್ಟಿಯ ಮೇಲೆಯೇ ಮನೆಮನೆಗೆ ಹೋಯಿತೆಂಬುದು ಸ್ವಾರಸ್ಯದ ಸಂಗತಿ.

ನಮ್ಮ ವಿದ್ಯಾರಣ್ಯಪುರಂ ಆಗಲಿ, ನೆರೆಯ ನಂಜುಮಳಿಗೆಯಾಗಲಿ ಅರಮನೆಯ ಸಂಗೀತದ ಬೀದಿಗಳಲ್ಲ. ದುಡಿದು ಬಂದು, ಸಂಜೆ ಜಗಲಿಯ ಮೇಲೆ ಕುಳಿತುಕೊಳ್ಳುವ ಜನರ ಬೀದಿಗಳು. ಇಲ್ಲಿಯ ಕೆಲವು ಹಿರಿಯರನ್ನು ಕಂಡು, “ನಿತ್ಯೋತ್ಸವವನ್ನು ಮೊದಲು ಕೇಳಿದ್ದು ಯಾವಾಗ?” ಎಂದು ವಿಚಾರಿಸಿದೆನು. ದೊರೆತ ಉತ್ತರಗಳು ಒಂದೊಂದೂ ಒಂದೊಂದು ಬಗೆ.

ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹೇಳಿದರು: “ನಮ್ಮ ವಠಾರಕ್ಕೆಲ್ಲ ಒಂದೇ ಟೇಪ್ ರೆಕಾರ್ಡರು ಕಣಪ್ಪ. ಪಕ್ಕದ ಮನೆಯವರ ತಮ್ಮ ದುಬೈನಿಂದ ತಂದಿದ್ದ. ಅವರೇ ಒಂದು ಭಾನುವಾರ ಜಗಲಿ ಮೇಲಿಟ್ಟು ಹಾಕಿದರು. ಒಂದು ಮಗ್ಗುಲು ಮುಗೀತು. ಯಾರೂ ಏಳಲಿಲ್ಲ. ತಿರುಗಿಸಿ ಹಾಕು ಅಂತ ಎಲ್ಲರೂ ಒಟ್ಟಿಗೆ ಅಂದೆವು.” ಇನ್ನೊಬ್ಬರು, ದಿನಸಿ ಅಂಗಡಿಯವರು, ರಾಜ್ಯೋತ್ಸವದ ಚಪ್ಪರದ ಧ್ವನಿವರ್ಧಕದಲ್ಲಿ ಅದನ್ನು ಕೇಳಿ, ಯಾವುದೋ ಹೊಸ ಚಿತ್ರದ ಹಾಡೆಂದು ಭಾವಿಸಿ, ಆ ಚಿತ್ರ ಯಾವ ಟಾಕೀಸಿಗೆ ಬಂದಿದೆಯೆಂದು ಗೆಳೆಯರನ್ನು ಕೇಳಿದರಂತೆ. ಈ ಮಾತಿಗೆ ನಗುವುದು ಸುಲಭ. ಆದರೆ ಅದರಲ್ಲೊಂದು ಸತ್ಯವಿದೆ. ಅವರ ಪಾಲಿಗೆ ಅಲ್ಲಿಯವರೆಗೆ ಧ್ವನಿವರ್ಧಕದಲ್ಲಿ ಬರುವ ಹಾಡೆಂದರೆ ದೇವರ ಹಾಡು ಇಲ್ಲವೆ ಚಿತ್ರದ ಹಾಡು. ಕವಿತೆಯೊಂದು ಚಿತ್ರದ ಆಸರೆಯಿಲ್ಲದೆ ಬೀದಿಗೆ ಬಂದು ನಿಂತದ್ದು ಹೊಸ ಸಂಗತಿಯಾಗಿತ್ತು.

ಆಗ ವಿದ್ಯಾರ್ಥಿನಿಯಾಗಿದ್ದು ಮುಂದೆ ಉಪಾಧ್ಯಾಯಿನಿಯಾದ ತಾಯಿಯೊಬ್ಬರು ತಮ್ಮ ಹಳೆಯ ನೋಟ್‌ಬುಕ್ಕನ್ನು ತಂದು ತೋರಿಸಿದರು. ಎರಡು ಮಾತು ಕೇಳುವುದು, ನಿಲ್ಲಿಸುವುದು, ಬರೆದುಕೊಳ್ಳುವುದು, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುವುದು: ಹೀಗೆ ಹಾಡುಗಳನ್ನೆಲ್ಲ ಇಳಿಸಿಕೊಂಡಿದ್ದಾರೆ. ಒಂದೆರಡು ಕಡೆ ಕೇಳಿಸಿದ್ದೇ ಬೇರೆ, ಬರೆದದ್ದೇ ಬೇರೆ. ಮೊದಲ ಸಂಬಳದಲ್ಲಿ ಪುಸ್ತಕವನ್ನು ಕೊಂಡು ಅವುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಂಡರಂತೆ. “ಪುಸ್ತಕ ಓದಿ ಹಾಡು ಕೇಳಿದವರು ಇದ್ದಾರೆ, ನಾನು ಹಾಡು ಕೇಳಿ ಪುಸ್ತಕಕ್ಕೆ ಹೋದವಳು” ಎಂದು ಅವರು ಹೇಳಿದ ಮಾತು ಮನನಯೋಗ್ಯವಾಗಿದೆ. ಮತ್ತೊಬ್ಬರು ಆ ಸುರುಳಿಯನ್ನು ಮೂರು ಸಲ ಕೊಂಡರು. ಎರಡು ಸಲ ಎರವಲು ಕೊಟ್ಟದ್ದು ಹಿಂದಕ್ಕೆ ಬರಲಿಲ್ಲ. ಪರಹಸ್ತಕ್ಕೆ ಹೋದದ್ದು ಹೋಯಿತು ಎಂಬ ಹಳೆಯ ಮಾತು ಪುಸ್ತಕಕ್ಕೆ ಹೇಗೋ ಕ್ಯಾಸೆಟ್ಟಿಗೂ ಹಾಗೆಯೇ!

ಈ ನೆನಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ವಿಷಯಗಳು ಎದ್ದು ಕಾಣುತ್ತವೆ. ಮೊದಲನೆಯದು, ಕೇಳಿದ ದಿನಾಂಕ ಯಾರಿಗೂ ನೆನಪಿಲ್ಲ. ಕೇಳಿಸಿದವರು ಯಾರೆಂಬುದು ಹೆಚ್ಚಿನವರಿಗೆ ನೆನಪಿದೆ. ಪಕ್ಕದ ಮನೆಯವರು, ಸೋದರಮಾವ, ಕಾಲೇಜಿನ ಗೆಳತಿ, ಹೀಗೆ ಹಾಡಿನ ಹಿಂದೆ ಒಬ್ಬ ಮನುಷ್ಯರಿದ್ದಾರೆ. ಎರಡನೆಯದು, ನೆನಪು ಕಾಲವನ್ನು ತನ್ನ ಇಷ್ಟದಂತೆ ಜೋಡಿಸಿಕೊಳ್ಳುತ್ತದೆ. “ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟರಲ್ಲ, ಆ ವರ್ಷವೇ ಕೇಳಿದ್ದು” ಎಂದು ಒಬ್ಬರು ಖಂಡಿತವಾಗಿ ಹೇಳಿದರು. ನಾಮಕರಣವಾದದ್ದು ೧೯೭೩ರ ನವೆಂಬರ್ ೧ರಂದು. ಧ್ವನಿಸುರುಳಿ ಬಂದದ್ದು ಐದು ವರ್ಷಗಳ ಮೇಲೆ. ಇದನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ನಾಡಿನ ಹೆಸರಿನ ಸಂತೋಷವನ್ನೂ ನಾಡಿನ ಹಾಡಿನ ಸಂತೋಷವನ್ನೂ ಅವರ ಮನಸ್ಸು ಒಂದೇ ಡಬ್ಬಿಯಲ್ಲಿಟ್ಟು ಮುಚ್ಚಿದೆ. ತಾರೀಖನ್ನು ದಾಖಲೆಯಿಂದ ತಿಳಿಯೋಣ. ಆ ಹಾಡು ಅವರಿಗೆ ಏನಾಗಿತ್ತೆಂಬುದನ್ನು ಮಾತ್ರ ಅವರಿಂದಲೇ ತಿಳಿಯಬೇಕು.

ಇದು ನಮ್ಮ ಬಡಾವಣೆಗೇ ವಿಶಿಷ್ಟವಾದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಸಿಯಾಟಲ್ ನಗರದ ಸುತ್ತಮುತ್ತ ಬೆಳೆದ ‘ಗ್ರಂಜ್’ ಎಂಬ ಒರಟು ಸಂಗೀತವನ್ನು ನೋಡಿ. ನಮ್ಮ ಮಾತಿನ ‘ನಿರ್ವಾಣ’ವನ್ನೇ ಹೆಸರಾಗಿಟ್ಟುಕೊಂಡ ತಂಡವೊಂದರ ಮೊದಲ ಮುದ್ರಿಕೆ ‘ಬ್ಲೀಚ್’ ೧೯೮೯ರಲ್ಲಿ ಬಂತು. ಅದನ್ನು ಧ್ವನಿಮುದ್ರಿಸಲು ತಗುಲಿದ ವೆಚ್ಚ ೬೦೬ ಡಾಲರು ೧೭ ಸೆಂಟು ಮಾತ್ರ. ಹೊದಿಕೆಯ ಮೇಲೆಯೇ ಅದನ್ನು ೬೦೦ ಡಾಲರೆಂದು ಅಚ್ಚುಹಾಕಿದ್ದರು. ದೊಡ್ಡ ಪ್ರಚಾರವಿಲ್ಲದೆ ಸಣ್ಣ ಸಂಸ್ಥೆಯೊಂದು ಹೊರತಂದ ಆ ಮುದ್ರಿಕೆಯನ್ನು ಅನೇಕರು ಹುಡುಕಿಕೊಂಡು ಹೋದದ್ದು, ಅದೇ ತಂಡದ ೧೯೯೧ರ ‘ನೆವರ್‌ಮೈಂಡ್’ ಲೋಕಪ್ರಸಿದ್ಧವಾದ ಮೇಲೆ. ಆ ಸಂಗೀತಕ್ಕೂ ನಮ್ಮ ಭಾವಗೀತೆಗೂ ಹೋಲಿಕೆಯೇನೂ ಇಲ್ಲ. ಒಂದು ಆಕ್ರೋಶದ ಸಂಗೀತ, ಇನ್ನೊಂದು ನಮನದ ಸಂಗೀತ. ಆದರೆ ಮೆಚ್ಚಿದ ಮುದ್ರಿಕೆಯನ್ನು ಗೆಳೆಯನ ಕೈಗಿಟ್ಟು “ಇದನ್ನು ಕೇಳು” ಎನ್ನುವ ಸಡಗರ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಇಲ್ಲಿ ಎರಡು ಆಕ್ಷೇಪಣೆಗಳನ್ನು ಪರಿಶೀಲಿಸುವುದು ನ್ಯಾಯ. ರಾಗಕ್ಕೆ ಸಿಕ್ಕ ಕವಿತೆ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ, ಜನ ಗುನುಗುತ್ತಾರೆ, ಓದುವುದಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನಿಸಾರ್ ಅಹಮದರು ‘ಕುರಿಗಳು ಸಾರ್ ಕುರಿಗಳು’ ಎಂಬ ಮೊನಚಾದ ವಿಡಂಬನೆಯನ್ನು ಬರೆದವರು. ಆದರೂ ಬಹುಜನಕ್ಕೆ ಅವರು ‘ನಿತ್ಯೋತ್ಸವದ ಕವಿ’ಯಾಗಿಯೇ ಉಳಿದರು. ಆದರೆ ಹಾಡಿನಿಂದ ಪುಸ್ತಕಕ್ಕೆ ಹೋದ ಆ ಉಪಾಧ್ಯಾಯಿನಿಯಂಥವರೂ ಇದ್ದಾರೆಂಬುದನ್ನು ಮರೆಯಬಾರದು. ಮನೆಯಲ್ಲಿ ಪ್ರತಿಮಾಡಿಕೊಂಡದ್ದರಿಂದ ಕವಿಗೂ ಗಾಯಕರಿಗೂ ಸಲ್ಲಬೇಕಾದ ಹಣ ಸಲ್ಲಲಿಲ್ಲ ಎಂಬುದು ಎರಡನೆಯದು. ಇದಕ್ಕೆ ಸಮಾಧಾನ ಹೇಳುವುದು ಕಷ್ಟ. ಪ್ರೀತಿಯಿಂದ ಮಾಡಿದ ಪ್ರತಿಯಾದರೂ ಋಣ ಋಣವೇ. ಹಾಡಿದವರ, ಬರೆದವರ ಹೆಸರನ್ನು ನೆನಪಿನಲ್ಲಿಡುವುದಾದರೂ ಆ ಋಣದ ಒಂದು ಕಂತು.

ಅನಂತಸ್ವಾಮಿಯವರು ೧೯೯೫ರ ಜನವರಿ ೯ರಂದು ತೀರಿಕೊಂಡರು. ೨೦೨೨ರಲ್ಲಿ ಸರ್ಕಾರವು ನಾಡಗೀತೆಗೆ ಅವರ ಧಾಟಿಯನ್ನೇ ಗೊತ್ತುಮಾಡಿ, ಹಾಡುವ ಅವಧಿಯನ್ನು ಎರಡೂವರೆ ನಿಮಿಷಕ್ಕೆ ನಿಗದಿಪಡಿಸಿತು. ನಿಸಾರ್ ಅಹಮದರು ೨೦೧೭ರಲ್ಲಿ ಈ ಊರಿನ ದಸರಾ ಮಹೋತ್ಸವವನ್ನು ಉದ್ಘಾಟಿಸಿ, ೨೦೨೦ರ ಮೇ ೩ರಂದು ನಮ್ಮನ್ನಗಲಿದರು. ಕೃತಿಕಾರರ ವಿಷಯ ಪುಸ್ತಕಗಳಲ್ಲಿ ದಾಖಲಾಗಿದೆ. ಕೇಳುಗರ ವಿಷಯ ಎಲ್ಲಿ ದಾಖಲಾಗಿದೆ?

ಸುರುಳಿಯ ಆಯುಸ್ಸು ದೊಡ್ಡದಲ್ಲ. ತೇವದಲ್ಲಿಟ್ಟರೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ; ಕಣಗಳನ್ನು ಹಿಡಿದಿಟ್ಟಿರುವ ಅಂಟು ಕಾಲಕ್ರಮದಲ್ಲಿ ಸಡಿಲವಾಗುತ್ತದೆ; ಪ್ರತಿಯಿಂದ ಪ್ರತಿ ಮಾಡಿದಷ್ಟೂ ಸದ್ದು ಹೆಚ್ಚಿ ಹಾಡು ಹಿಂದಕ್ಕೆ ಸರಿಯುತ್ತದೆ. ಹಾಡನ್ನಾದರೋ ಹೊಸ ಸಾಧನಗಳಿಗೆ ವರ್ಗಾಯಿಸಿಕೊಳ್ಳಬಹುದು. ಇಂದು ನಮ್ಮೆಲ್ಲರ ಜೇಬಿನ ಫೋನಿನಲ್ಲಿಯೇ ಅದು ದೊರೆಯುತ್ತದೆ. ಆದರೆ ತಿರುಗಿಸಿ ಹಾಕು ಎಂದು ಒಟ್ಟಿಗೆ ಕೂಗಿದ ಆ ವಠಾರದ ನೆನಪು ಯಾವ ಯಂತ್ರದಲ್ಲಿಯೂ ದೊರೆಯುವುದಿಲ್ಲ. ೧೯೭೮ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರು ಈಗ ಅರವತ್ತೈದನ್ನು ದಾಟಿದ್ದಾರೆ. ನಾವು ಕೇಳದಿದ್ದರೆ ಅವರು ಹೇಳರು. ಅವರು ಹೇಳದಿದ್ದರೆ ನಮಗೆ ತಿಳಿಯದು.

ಆದಕಾರಣ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಈ ರಜೆಯಲ್ಲಿ ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ಮೂಲೆಯಲ್ಲೋ ಹಳೆಯ ಕ್ಯಾಸೆಟ್ಟು ಕಂಡರೆ ಅದನ್ನು ಎಸೆಯುವ ಮೊದಲು ನಿಮ್ಮ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕರೆದು ಮೂರು ಪ್ರಶ್ನೆಗಳನ್ನು ಕೇಳಿರಿ: ಇದನ್ನು ಯಾರು ಕೊಟ್ಟರು? ಯಾರೊಡನೆ ಕುಳಿತು ಕೇಳಿದಿರಿ? ಆಮೇಲೆ ಯಾರಿಗೆ ಕೊಟ್ಟಿರಿ? ಉತ್ತರಗಳನ್ನು ಒಂದು ಪುಟದಲ್ಲಿ ಬರೆದಿಡಿರಿ. ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಅಂಥ ನೂರು ಪುಟಗಳು ಸೇರಿದರೆ, ಕನ್ನಡ ಸುಗಮ ಸಂಗೀತದ ಚರಿತ್ರೆಯಲ್ಲಿ ಇದುವರೆಗೆ ಬರೆಯದೆ ಉಳಿದ ಅಧ್ಯಾಯವೊಂದಕ್ಕೆ ಅಸ್ತಿಭಾರ ಹಾಕಿದಂತಾಗುತ್ತದೆ.