ತಾಳವನ್ನು ನೋಡುವುದೋ, ಕೇಳುವುದೋ?

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟರೆ ಹಂಗಳ ಸಿಗುತ್ತದೆ. ಇಂಥ ಊರುಗಳ ಮೆರವಣಿಗೆಗೂ ಈಗ ತಮಟೆಯ ಜೊತೆ ‘ಡಿ.ಜೆ.’ ಬರುವುದುಂಟು. ಅದನ್ನು ನಡೆಸುವಾತನನ್ನು ನೀವು ಗಮನಿಸಿರಬಹುದು. ಹೆಡ್‌ಫೋನಿನ ಒಂದು ಬಟ್ಟಲು ಮಾತ್ರ ಕಿವಿಯ ಮೇಲಿರುತ್ತದೆ; ಕಣ್ಣು ಮಾತ್ರ ಲ್ಯಾಪ್‌ಟಾಪಿನ ಪರದೆಯ ಮೇಲಿನ ಎರಡು ಅಂಕುಡೊಂಕು ಪಟ್ಟಿಗಳಲ್ಲಿ ನೆಟ್ಟಿರುತ್ತದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ತಾಳ ತಪ್ಪದೆ ಬಂದು ಸೇರಿಕೊಳ್ಳುತ್ತದೆ. ಆತ ಇದನ್ನು ನೋಡಿ ಮಾಡಿದನೇ, ಕೇಳಿ ಮಾಡಿದನೇ?

ಮೊದಲು ಲೆಕ್ಕ ನೋಡೋಣ. ಒಂದು ಹಾಡಿನಲ್ಲಿ ನಿಮಿಷಕ್ಕೆ 120 ಪೆಟ್ಟು, ಇನ್ನೊಂದರಲ್ಲಿ 121 ಇವೆ ಎನ್ನಿ. ಎರಡನ್ನೂ ಒಟ್ಟಿಗೆ ಆರಂಭಿಸಿದರೆ 30 ಸೆಕೆಂಡಿನಲ್ಲಿ ಅರ್ಧ ಪೆಟ್ಟಿನ ಅಂತರ ಬೀಳುತ್ತದೆ. ಒಂದರ ಪೆಟ್ಟು ಇನ್ನೊಂದರ ನಡುವೆ ಬಿದ್ದು ಕುಣಿಯುವವರ ಕಾಲು ತಡವರಿಸುತ್ತದೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ ಎರಡು ಗ್ರಾಮಫೋನ್ ತಟ್ಟೆಗಳ ಲಯವನ್ನು ಕಿವಿಯಿಂದಲೇ ಹೊಂದಿಸಿ ಹೆಸರಾದ. ಪರದೆಯ ಮೇಲಿನ ಚಿತ್ರ ಬಂದದ್ದು ಬಹಳ ತಡವಾಗಿ.

ಆ ಚಿತ್ರವಾದರೂ ಏನು? ಅದು ಕಾಲಕ್ಕೆ ಅನುಗುಣವಾಗಿ ಶಬ್ದತರಂಗದ ಪಾರ ಬದಲಾಗುವುದನ್ನು ತೋರಿಸುವ ನಕ್ಷೆ. ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸಿರುತ್ತಾರೆ. ಐದು ನಿಮಿಷದ ಹಾಡಿಗೆ 1,32,30,000 ಅಳತೆಗಳಾದವು. ಇಷ್ಟನ್ನೂ ಪರದೆಯ ಸಾವಿರ ಚುಕ್ಕೆಗಳ ಅಗಲದಲ್ಲಿ ಅಡಕಿದರೆ ಒಂದು ಚುಕ್ಕೆಗೆ 0.3 ಸೆಕೆಂಡು. ಅದರಲ್ಲಿ ಪಲ್ಲವಿ ಎಲ್ಲಿ ನಿಂತಿತು ಎಂಬುದು ಕಂಡೀತೇ ಹೊರತು ಪೆಟ್ಟು ಕಾಣದು. ಹತ್ತು ಸೆಕೆಂಡನ್ನಷ್ಟೇ ಹಿಗ್ಗಿಸಿ ನೋಡಿದರೆ ಪ್ರತಿ ಪೆಟ್ಟೂ ಗುಡ್ಡದ ತುದಿಯಂತೆ ಎದ್ದು ನಿಲ್ಲುತ್ತದೆ. ತುದಿಗೆ ತುದಿ ಹೊಂದಿಸುವುದು ಕಣ್ಣಿಗೆ ಸುಲಭದ ಕೆಲಸ.

ಆದರೆ ಎತ್ತರದ ತುದಿಯೇ ತಾಳದ ಎಡುಪು ಎಂದುಕೊಂಡರೆ ಕೆಟ್ಟಿತು. ಮಲೆ ಮಹದೇಶ್ವರನ ಕಂಸಾಳೆ ಪದವನ್ನೇ ತೆಗೆದುಕೊಳ್ಳಿ. ಲೋಹದ ತಟ್ಟೆಯ ನಾದ ಮುಂದಿನ ಪೆಟ್ಟಿನವರೆಗೂ ಉಳಿದು ಚಿತ್ರದ ಕಣಿವೆಗಳನ್ನು ತುಂಬುತ್ತದೆ. ಮೇಲಾಗಿ ಹಾಡುವವರು ಯಂತ್ರವಲ್ಲ. ಉತ್ಸಾಹ ಏರಿದಂತೆ ಲಯವೂ ಏರುತ್ತದೆ. ನಿಮಿಷಕ್ಕೆ 100 ಪೆಟ್ಟೆಂದು ಸಮ ಅಂತರದಲ್ಲಿ ಗೆರೆ ಹಾಕಿಕೊಂಡ ತಂತ್ರಾಂಶ, ಹಾಡು 104ಕ್ಕೆ ಏರಿದ ಏಳೂವರೆ ಸೆಕೆಂಡಿನಲ್ಲೇ ಅರ್ಧ ಪೆಟ್ಟು ಹಿಂದೆ ಬೀಳುತ್ತದೆ. ಹಾಡನ್ನೇ ಎಳೆದು ಕುಗ್ಗಿಸಿ ಗೆರೆಗೆ ಕೂರಿಸಬಹುದು ನಿಜ. ಆಗ ಕಂಸಾಳೆಯ ಜೀವವೇ ಹೋಯಿತೆಂದು ನನ್ನ ಅನಿಸಿಕೆ.

ಶ್ರುತಿಯ ವಿಷಯದಲ್ಲೂ ಈ ಚಿತ್ರ ಮೂಕ. 240 ಹರ್ಟ್ಸ್ ಮತ್ತು 254 ಹರ್ಟ್ಸ್ ಆಧಾರಶ್ರುತಿಯ ಎರಡು ಹಾಡುಗಳು ಪರದೆಯಲ್ಲಿ ಒಂದೇ ರೀತಿ ಕಂಡಾವು. ಕೂಡಿಸಿ ನುಡಿಸಿದರೆ ಕಿವಿ ಕೂಡಲೇ ಮುಖ ಸಿಂಡರಿಸುತ್ತದೆ. ಗ್ರಾಮಫೋನ್ ತಟ್ಟೆಯ ವೇಗವನ್ನು ಶೇಕಡಾ 8ರಷ್ಟು ಹೆಚ್ಚಿಸಿದರೆ ಆವೃತ್ತಿಯೂ ಅಷ್ಟೇ ಹೆಚ್ಚಿ, 240 ಹರ್ಟ್ಸ್ ಸುಮಾರು 259 ಆಗುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ವ್ಯತ್ಯಾಸ ಸುಮಾರು ಶೇಕಡಾ 6 ಮಾತ್ರ.

ಹಾಗೆಂದು ಕಿವಿಯನ್ನೇ ಪೂರ್ತಿ ನಂಬುವಂತಿಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಧ್ವನಿವರ್ಧಕ 34 ಮೀಟರ್ ದೂರವಿದ್ದರೆ ಪೆಟ್ಟು 0.1 ಸೆಕೆಂಡು ತಡವಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿರುವ ಮುಂದಿನ ಹಾಡಿಗೆ ಈ ವಿಳಂಬವಿಲ್ಲ. ಎರಡನ್ನೂ ಕೇಳಿ ಹೊಂದಿಸಿದವನು, 120 ಪೆಟ್ಟಿನ ಹಾಡಿನಲ್ಲಿ, ಐದರಲ್ಲೊಂದು ಪಾಲು ಪೆಟ್ಟು ತಪ್ಪಿರುತ್ತಾನೆ. ಇಲ್ಲಿ ಚಿತ್ರವೇ ಸರಿ.

ಇನ್ನೊಂದು ಸಂಗತಿ ಇನ್ನೂ ಗಂಭೀರ. ಸುತ್ತಲಿನ ಅಬ್ಬರವನ್ನು ಮೀರಿ ಕೇಳಲು ಆತ ಹೆಡ್‌ಫೋನಿನ ಶಬ್ದವನ್ನು ಏರಿಸುತ್ತಾನೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರ ಸಲಹೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿ: 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ! ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ತುದಿ ಹೊಂದಿಸುವ ಕೆಲಸವನ್ನು ಕಣ್ಣಿಗೆ ಬಿಟ್ಟು, ಶ್ರುತಿ ಮತ್ತು ಎಡುಪನ್ನು ನೋಡಿಕೊಳ್ಳಲಷ್ಟೇ ಕ್ಷಣಕಾಲ ಹೆಡ್‌ಫೋನ್ ಹಾಕಿಕೊಂಡರೆ ಕಿವಿ ಉಳಿಯುತ್ತದೆ.

ಶಾಲೆಯಲ್ಲಿ ಗಣಕವಿದ್ದರೆ ಉಚಿತವಾಗಿ ದೊರೆಯುವ ‘ಆಡಾಸಿಟಿ’ ತಂತ್ರಾಂಶದಲ್ಲಿ ಇದನ್ನು ಪರೀಕ್ಷಿಸಬಹುದು. ಇಬ್ಬರು ವಿದ್ಯಾರ್ಥಿಗಳು ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಲಿ. ಒಬ್ಬ ಮೈಕಿನ ಪಕ್ಕ, ಇನ್ನೊಬ್ಬ ಮೈದಾನದ ಆಚೆ ತುದಿಯಲ್ಲಿ. ಪರದೆ ಮುಚ್ಚಿ ಧ್ವನಿಮುದ್ರಣವನ್ನು ತರಗತಿಗೆ ಕೇಳಿಸಿ, ಯಾವ ಚಪ್ಪಾಳೆ ಎಷ್ಟು ಹಿಂದೆ ಬಿತ್ತೆಂದು ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳಿ. ಆಮೇಲೆ ಪರದೆ ತೆರೆದು ಅಳೆಯಿರಿ.