ತರಗತಿಗೆ ಬಂದ ವರದಕ್ಷಿಣೆಯ ಮಸೂದೆ

‘ಮಸೂದೆಯು ಶಾಸನವಾಗುವ ಕ್ರಮವನ್ನು ವಿವರಿಸಿರಿ.’ ಪ್ರೌಢಶಾಲೆಯಲ್ಲಿ ಓದಿದವರ ಪೈಕಿ ಈ ಪ್ರಶ್ನೆಯನ್ನು ಎದುರಿಸದವರು ವಿರಳ. ಪ್ರಥಮ ವಾಚನ, ದ್ವಿತೀಯ ವಾಚನ, ತೃತೀಯ ವಾಚನ, ಇನ್ನೊಂದು ಸದನದ ಒಪ್ಪಿಗೆ, ಕೊನೆಗೆ ರಾಷ್ಟ್ರಪತಿಗಳ ಅಂಕಿತ ಎಂದು ಬಾಯಿಪಾಠ ಮಾಡಿದ ಉತ್ತರವನ್ನು ಬರೆದು ಅಂಕ ಪಡೆದವರೇ ನಾವೆಲ್ಲರೂ. ಪರೀಕ್ಷೆ ಮುಗಿದ ಮರುದಿನವೇ ಅದು ಮರೆತುಹೋಗುತ್ತದೆ. ಇದು ಮಕ್ಕಳ ಅಪರಾಧವಲ್ಲ. ಯಾರು, ಯಾವ ವಿಷಯಕ್ಕಾಗಿ, ಏಕೆ ವಾದಿಸಿದರೆಂಬುದನ್ನು ಹೇಳದೆ ಬರಿಯ ಮೆಟ್ಟಿಲುಗಳನ್ನು ಎಣಿಸಿದರೆ ಯಾರ ನೆನಪಿನಲ್ಲಿ ತಾನೆ ಉಳಿದೀತು?

ಇದಕ್ಕೆ ಬದಲಾಗಿ ಉಪಾಧ್ಯಾಯರು ಒಂದೇ ಒಂದು ನಿಜವಾದ ಮಸೂದೆಯನ್ನು ಕೈಗೆತ್ತಿಕೊಂಡು, ಅದು ನಡೆದ ದಾರಿಯನ್ನು ಕಥೆಯಂತೆ ಹೇಳಬಹುದು. ಅದಕ್ಕೆ ವರದಕ್ಷಿಣೆ ನಿಷೇಧದ ಮಸೂದೆಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ವರದಕ್ಷಿಣೆಯೆಂದರೇನೆಂದು ಯಾವ ಮಗುವಿಗೂ ವಿವರಿಸಿ ಹೇಳಬೇಕಾಗಿಲ್ಲ.

ಈ ಮಸೂದೆಯು 1959ರಲ್ಲಿ ಲೋಕಸಭೆಯ ಮುಂದೆ ಬಂದಿತು. ಪ್ರಥಮ ವಾಚನವೆಂದರೆ ಮಸೂದೆಯನ್ನು ಮಂಡಿಸಲು ಸಭೆಯ ಅನುಮತಿ ಪಡೆದು ಮಂಡಿಸುವುದು, ಅಷ್ಟೆ. ಅನಂತರ ಇದನ್ನು ಉಭಯ ಸದನಗಳ ಸದಸ್ಯರಿದ್ದ ಜಂಟಿ ಸಮಿತಿಯೊಂದು ಪರಿಶೀಲಿಸಿತು. ದ್ವಿತೀಯ ವಾಚನವೇ ಮಸೂದೆಯ ನಿಜವಾದ ಪರೀಕ್ಷೆ. ಆಗ ಒಂದೊಂದು ಖಂಡವನ್ನೂ, ಒಂದೊಂದು ಶಬ್ದವನ್ನೂ ಚರ್ಚಿಸಿ ಮತಕ್ಕೆ ಹಾಕುತ್ತಾರೆ. ತೃತೀಯ ವಾಚನದಲ್ಲಿ ಇಡೀ ಮಸೂದೆಯನ್ನು ಒಪ್ಪುವುದೋ ಬಿಡುವುದೋ ಎಂಬುದಷ್ಟೇ ಪ್ರಶ್ನೆ.

ಲೋಕಸಭೆಯಿಂದ ಮಸೂದೆಯು ರಾಜ್ಯಸಭೆಗೆ ಹೋಯಿತು. ಅಲ್ಲಿಯೇ ತೊಡಕು ಹುಟ್ಟಿದ್ದು. ವರದಕ್ಷಿಣೆ ಕೆಟ್ಟದ್ದೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ; ಆದರೆ ಆ ಶಬ್ದದ ವ್ಯಾಪ್ತಿಯೆಷ್ಟು, ಪ್ರೀತಿಯ ಉಡುಗೊರೆ ಎಲ್ಲಿ ಮುಗಿದು ವರದಕ್ಷಿಣೆ ಎಲ್ಲಿ ಮೊದಲಾಗುತ್ತದೆ ಎಂಬಂಥ ವಿಷಯಗಳಲ್ಲಿ ಎರಡು ಸದನಗಳೂ ಒಂದು ಮಾತಿಗೆ ಬರಲಿಲ್ಲ. ಇಂಥ ಸಂದರ್ಭಕ್ಕೆಂದೇ ಸಂವಿಧಾನದ 108ನೆಯ ಅನುಚ್ಛೇದವಿದೆ. ಅದರಂತೆ ಉಭಯ ಸದನಗಳೂ ಒಟ್ಟಿಗೆ ಕುಳಿತು, ಹಾಜರಿದ್ದು ಮತ ನೀಡಿದವರ ಬಹುಮತದಿಂದ ತೀರ್ಮಾನಿಸಬಹುದು. 1961ರ ಮೇ 6 ಮತ್ತು 9ರಂದು ಸ್ವತಂತ್ರ ಭಾರತದ ಪ್ರಥಮ ಜಂಟಿ ಅಧಿವೇಶನವು ಈ ಮಸೂದೆಗಾಗಿಯೇ ಸೇರಿತು. ಮಸೂದೆಯೊಂದರ ಸಲುವಾಗಿ ಹೀಗೆ ಸೇರಿದ ಸಂದರ್ಭಗಳು ಆಮೇಲೆ ಎರಡೇ: 1978ರಲ್ಲೊಮ್ಮೆ, 2002ರಲ್ಲೊಮ್ಮೆ. ಮೇ 20ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಅಂಕಿತ ದೊರೆತು, ಜುಲೈ 1ರಿಂದ ಶಾಸನವು ಜಾರಿಗೆ ಬಂದಿತು.

ಇಷ್ಟನ್ನು ಹೇಳಿದ ಮೇಲೆ ಉಪಾಧ್ಯಾಯರು ಸುಣ್ಣದ ಕಡ್ಡಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ತರಗತಿಯ ಒಂದು ಭಾಗ ಲೋಕಸಭೆಯಾಗಲಿ, ಇನ್ನೊಂದು ರಾಜ್ಯಸಭೆಯಾಗಲಿ. ‘ವರದಕ್ಷಿಣೆ ಎಂದರೆ ಏನು?’ ಎಂಬುದನ್ನು ಮೊದಲನೆಯವರು ಒಂದೇ ವಾಕ್ಯದಲ್ಲಿ ಕಪ್ಪು ಹಲಗೆಯ ಮೇಲೆ ಬರೆಯಲಿ. ಎರಡನೆಯವರು ಅದರಲ್ಲಿ ನುಸುಳಬಹುದಾದ ಸಂದುಗಳನ್ನು ಹುಡುಕಲಿ. ಮಾವನು ಅಳಿಯನಿಗೆ ತೊಡಿಸಿದ ಉಂಗುರ ವರದಕ್ಷಿಣೆಯೆ? ಮಗಳ ಹೆಸರಿನಲ್ಲಿ ಕೊಂಡ ನಿವೇಶನ? ‘ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಹಾಕಿದಷ್ಟು’ ಎಂಬ ಮಾತು ಬೇಡಿಕೆಯೋ, ಅಲ್ಲವೋ? ಅರ್ಧ ಗಂಟೆಯೊಳಗೆ ಹಲಗೆಯ ಮೇಲಿನ ವಾಕ್ಯವು ನಾಲ್ಕು ಸಲ ಅಳಿಸಿ ಬರೆಯಲ್ಪಟ್ಟಿರುತ್ತದೆ. ದ್ವಿತೀಯ ವಾಚನವೆಂದರೇನೆಂಬುದು ಆಗ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ಆಮೇಲೆ ನಿಜವಾದ ಶಾಸನವನ್ನು ಓದಿ ತೋರಿಸಬೇಕು. 1961ರ ಶಾಸನವು ‘ವಿವಾಹದ ಪ್ರತಿಫಲವಾಗಿ’ ಕೊಟ್ಟ ಸ್ವತ್ತನ್ನು ಮಾತ್ರ ವರದಕ್ಷಿಣೆಯೆಂದಿತು. ಹಾಗಲ್ಲದ ಉಡುಗೊರೆಗಳು, ಅವು ನಗದಾಗಲಿ ಒಡವೆಯಾಗಲಿ, ವರದಕ್ಷಿಣೆಯಲ್ಲವೆಂಬ ವಿವರಣೆಯನ್ನೂ ಸೇರಿಸಿತು. ಪ್ರತಿಫಲವಾಗಿಯೇ ಪಡೆದೆವೆಂದು ಯಾರು ತಾನೆ ಒಪ್ಪಿಕೊಳ್ಳುವರು? ಶಿಕ್ಷೆಯೂ ಹೆಚ್ಚೆಂದರೆ ಆರು ತಿಂಗಳ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಆಗಿತ್ತು. ಸಂದು ಕಂಡುಬಂದ ಮೇಲೆ ಪಾರ್ಲಿಮೆಂಟು ಶಾಸನವನ್ನು ಮತ್ತೆ ತಿದ್ದಿತು. 1984ರಲ್ಲಿ ‘ಪ್ರತಿಫಲವಾಗಿ’ ಎಂಬುದು ಹೋಗಿ ‘ವಿವಾಹದ ಸಂಬಂಧವಾಗಿ’ ಎಂಬುದು ಬಂದಿತು. ಆ ವಿವರಣೆಯೂ ಬಿದ್ದುಹೋಯಿತು. ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂಬ ನಿಯಮಗಳು 1985ರಲ್ಲಿ ಬಂದವು. 1986ರ ತಿದ್ದುಪಡಿಯು ಸೆರೆವಾಸವನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಏರಿಸಿತು. ಅಂಕಿತ ಬಿದ್ದೊಡನೆ ಮಸೂದೆಯ ಕಥೆ ಮುಗಿಯಿತೆಂದು ಪಠ್ಯಪುಸ್ತಕ ಓದಿದ ಹುಡುಗ ಭಾವಿಸುತ್ತಾನೆ. ಶಾಸನವು ಜನರ ನಡುವೆ ಬಂದ ಮೇಲೆ ಅದರ ಶಬ್ದಗಳಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆಂಬುದನ್ನು ಈ ಇತಿಹಾಸವು ಅವನಿಗೆ ಕಲಿಸುತ್ತದೆ.

ನಮ್ಮ ರಾಜ್ಯದ ಮಾತನ್ನೂ ಇಲ್ಲಿ ಹೋಲಿಸಿ ಹೇಳಬಹುದು. ಕರ್ನಾಟಕದಲ್ಲಿಯೂ ಎರಡು ಸದನಗಳಿವೆ: 224 ಸದಸ್ಯರ ವಿಧಾನ ಸಭೆ, 75 ಸದಸ್ಯರ ವಿಧಾನ ಪರಿಷತ್ತು. ಆದರೆ ಮಸೂದೆಯ ವಿವಾದವನ್ನು ಬಿಡಿಸಲು ಇಲ್ಲಿ ಜಂಟಿ ಅಧಿವೇಶನವಿಲ್ಲ. ಪರಿಷತ್ತು ಮಸೂದೆಯನ್ನು ಮೊದಲು ಮೂರು ತಿಂಗಳು, ಸಭೆಯು ಮತ್ತೆ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಕೊನೆಗೆ ನಿಲ್ಲುವುದು ಸಭೆಯ ಮಾತೇ. ಹಣಕಾಸಿನ ಮಸೂದೆಗಾದರೆ ಹದಿನಾಲ್ಕೇ ದಿನ.

ಹತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತ ಹುಡುಗ ಹುಡುಗಿಯರು ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಮದುವೆಯ ಮಾತುಕತೆಯ ಜಮಖಾನದ ಮೇಲೆ ಕುಳಿತಿರುತ್ತಾರೆ. ವರದಕ್ಷಿಣೆ ತೆಗೆದುಕೊಂಡವನಷ್ಟೇ ಅಲ್ಲ, ಕೊಟ್ಟವನೂ ಅಪರಾಧಿಯೆಂದು ಶಾಸನವು ಮೊದಲಿನಿಂದಲೂ ಹೇಳಿದೆ. ಈ ಪಾಠ ಕಲಿತು ಬಂದ ಮಗಳು, ಅಕ್ಕನ ಮದುವೆಯ ಖರ್ಚಿನ ಪಟ್ಟಿಯನ್ನು ನೋಡಿ, ‘ಅಪ್ಪಾ, ಇದು ಉಡುಗೊರೆಯೋ, ವರದಕ್ಷಿಣೆಯೋ?’ ಎಂದು ಕೇಳಿದರೆ ತಂದೆತಾಯಂದಿರು ಗದರಿಸಬಾರದು. ಎರಡು ಸದನಗಳು ಒಟ್ಟಿಗೆ ಕುಳಿತು ಬಿಡಿಸಬೇಕಾಗಿ ಬಂದ ಪ್ರಶ್ನೆ ಅದು. ಅದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡುವುದು ಮಾತ್ರ ಪ್ರತಿಯೊಂದು ಮನೆಯ ಪಾಲಿಗೆ ಉಳಿದಿರುವ ಕೆಲಸ.