ಸಮುದ್ರಕ್ಕೆ ಹೋದ ನೀರು ಏನು ಮಾಡುತ್ತದೆ?

‘ಪಶ್ಚಿಮಕ್ಕೆ ಹರಿಯೋ ನೀರೆಲ್ಲ ಸಮುದ್ರ ಸೇರಿ ದಂಡವಾಗ್ತೈತೆ’ ಎಂಬ ಮಾತು ನಮ್ಮ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಯಾವ ಸಂತೆಗೆ ಹೋದರೂ ಕಿವಿಗೆ ಬೀಳುತ್ತದೆ. ನಾನೂ ಹೇಳಿದವನೇ. ಎತ್ತಿನಹೊಳೆ ನೀರಿಗೆ ಬಾಯಿಬಿಟ್ಟು ಕೂತಿರುವವರು ನಾವು. ಆ ನೀರು ಇಲ್ಲದಿದ್ದರೆ ನೇತ್ರಾವತಿಯ ಬಾಯಲ್ಲಿ ಏನು ವ್ಯತ್ಯಾಸ ಎಂದು ನಾವ್ಯಾರೂ ಕೇಳಿಕೊಂಡಿರಲಿಲ್ಲ.

ನನ್ನ ತಮ್ಮನ ಮಗಳು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರಿದಾಗ ಊರಲ್ಲಿ ನಕ್ಕವರೇ ಹೆಚ್ಚು. ಕೆರೆ ಬತ್ತಿದ ಊರಿನ ಹುಡುಗಿಗೆ ಮೀನಿನ ಓದು! 1969ರಲ್ಲಿ ಶುರುವಾದ ಕಾಲೇಜು ಅದು. ಅವಳನ್ನು ನೋಡಲು ಹೋಗಿದ್ದಾಗ ಒಂದು ದಿನ ದೋಣಿಯಲ್ಲಿ ಅವರ ಜೊತೆ ಕೂತೆ. ಕಂಡದ್ದು, ಕೇಳಿದ್ದು ಬರೆಯುತ್ತಿದ್ದೇನೆ.

ಹೊಳೆ ಕಡಲು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ನೇತ್ರಾವತಿ ಮತ್ತು ಗುರುಪುರ ಹೊಳೆ ಎರಡೂ ಮಂಗಳೂರಿನ ಬೆಂಗ್ರೆ ಹತ್ತಿರ ಒಂದೇ ಬಾಯಲ್ಲಿ ಕಡಲು ಸೇರುತ್ತವೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತ ಬಂದಾಗ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಎಷ್ಟು ದೂರ ನುಗ್ಗೀತು ಎನ್ನುವುದು ಮೇಲಿಂದ ಬರುವ ಸಿಹಿನೀರಿನ ಜೋರಿನ ಮೇಲೆ ನಿಂತಿದೆ. ಬದು ಒಡೆದ ಕಡೆ ಪಕ್ಕದ ಹೊಲದ ನೀರು ನುಗ್ಗುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳ ಕೆಲಸ ಮುಖ್ಯವಾಗಿ ಇದನ್ನು ಅಳೆಯುವುದು. ಹಗ್ಗಕ್ಕೆ ಕಟ್ಟಿದ ಒಂದು ಶೀಷೆ. ಅದನ್ನು ತಳಕ್ಕೆ ಇಳಿಸಿ, ಹಗ್ಗದ ಗುಂಟ ಒಂದು ತೂಕದ ಗುಂಡು ಬಿಟ್ಟರೆ ಕೆಳಗೆ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ. ತಳದ ನೀರು ತಳದ್ದಾಗಿಯೇ ಮೇಲೆ ಬರುತ್ತದೆ. ರಿಫ್ರಾಕ್ಟೋಮೀಟರ್ ಎಂಬ ಗೇಣುದ್ದದ ಕೊಳವೆಯ ಗಾಜಿಗೆ ಒಂದು ತೊಟ್ಟು ಹಾಕಿ ಬೆಳಕಿಗೆ ಹಿಡಿದರೆ ಉಪ್ಪೆಷ್ಟು ಎಂದು ಗೆರೆ ತೋರಿಸುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಅಳಿವೆಯ ಮೇಲ್ನೀರು ಹೆಚ್ಚುಕಡಿಮೆ ಚಪ್ಪೆ, ಏಪ್ರಿಲ್–ಮೇ ಹೊತ್ತಿಗೆ ಸಮುದ್ರಕ್ಕೆ ಹತ್ತಿರ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಒಂದೇ ಜಾಗದಲ್ಲಿ ಮೇಲೊಂದು, ಕೆಳಗೊಂದು ರುಚಿ. ನಾನು ನಂಬದೆ ನಾಲಿಗೆಗೆ ಹಚ್ಚಿ ನೋಡಿದೆ. ಹುಡುಗರು ನಕ್ಕರು.

ಆಮೇಲೆ ತಳದ ಕೆಸರು ಎತ್ತಿ ಜರಡಿ ಹಿಡಿದರು. ಉಳಿದ ಹುಳು, ಚಿಪ್ಪಿನ ಮರಿ ಎಲ್ಲ ಎಣಿಸಿ ಬರೆದುಕೊಂಡರು. ಎರೆಹುಳು ಎಣಿಸಿ ಹೊಲದ ಹದ ಹೇಳಿದ ಹಾಗೆ. ತೆಳು ಬಟ್ಟೆಯಂಥ ಬಲೆ ಎಳೆದು ಕಣ್ಣಿಗೆ ಕಾಣದ ಪಾಚಿಯನ್ನೂ ಹಿಡಿದರು.

ಆ ಪಾಚಿಯಲ್ಲೇ ಇದೆ ನನ್ನ ‘ದಂಡ’ ಎಂಬ ಮಾತಿಗೆ ಉತ್ತರ. ಮಳೆಗಾಲದ ಹೊಳೆ ಬರೀ ನೀರು ತರುವುದಿಲ್ಲ. ಘಟ್ಟದ ಮೆಕ್ಕಲು, ಕೊಳೆತ ಎಲೆ, ಸಾರಜನಕ, ರಂಜಕ ಎಲ್ಲ ತರುತ್ತದೆ. ಅದು ಪಾಚಿಗೆ ಗೊಬ್ಬರ. ಪಾಚಿ ತಿಂದು ಸಣ್ಣ ಜೀವ, ಅದನ್ನು ತಿಂದು ಮೀನು. ಕಡಲಲ್ಲಿ ಮೊಟ್ಟೆಯಿಟ್ಟ ಸೀಗಡಿಯ ಮರಿಗಳು ಅಳಿವೆಯೊಳಗೆ ಬಂದು ಬೆಳೆದು ಮತ್ತೆ ಕಡಲಿಗೆ ಹೋಗುತ್ತವೆ. ನಮ್ಮ ರಾಗಿ ಒಟ್ಟಲು ಇದ್ದ ಹಾಗೆ ಅಂದುಕೊಳ್ಳಿ. ಒಟ್ಟಲು ಕೆಟ್ಟರೆ ನಾಟಿ ಎಲ್ಲಿಂದ? ಮಳೆಗಾಲದ ಪ್ರವಾಹ ಅಳಿವೆಯ ಬಾಯಿಗೆ ಕಟ್ಟಿದ ಮರಳನ್ನೂ ತಳ್ಳುತ್ತದೆ.

ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವೆಲ್ಲ ಸಕಲೇಶಪುರದ ಕಡೆಯವು. ಕುಮಾರಧಾರೆಯ ಮೂಲಕ ನೇತ್ರಾವತಿ ಸೇರುತ್ತವೆ. ಮಳೆಗಾಲದಲ್ಲಿ ಇಲ್ಲಿಂದ 24 ಟಿ.ಎಂ.ಸಿ. ನೀರೆತ್ತುವುದು ಯೋಜನೆ, ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಕೊಟ್ಟರು. ಕರಾವಳಿಯವರ ವಿರೋಧ ನಮಗೆ ಹೊಟ್ಟೆಕಿಚ್ಚಿನಂತೆ ಕಂಡಿತ್ತು. ಆದರೆ 2016ರ ಬೇಸಿಗೆಯಲ್ಲಿ ಮಂಗಳೂರಿಗೇ ಕುಡಿಯುವ ನೀರಿನ ತತ್ವಾರ ಬಂದಿತ್ತು. ಮಳೆ ಜಾಸ್ತಿ ಇರುವ ಊರಿನಲ್ಲೂ ಮೇ ತಿಂಗಳ ಹೊಳೆ ಬಡವೇ. ಇತ್ತ ಪಾವಗಡದ ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದವರನ್ನೂ ನೋಡಿದ್ದೇನೆ. ನೀರು ಬೇಡ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಅದನ್ನೇ ಅವಳಿಗೆ ಕೇಳಿದೆ: ‘ನಮ್ಗೆ ನೀರು ಬ್ಯಾಡ ಅಂತೀಯೇನವ್ವ?’

‘ಬ್ಯಾಡ ಅನ್ನಲ್ಲ ದೊಡ್ಡಪ್ಪ. ತಗೊಳ್ಳೋಕೆ ಮುಂಚೆ ಹೆಂಗಿತ್ತು, ತಗೊಂಡ ಮ್ಯಾಲೆ ಹೆಂಗಾಯ್ತು ಅಂತ ಬರೆದಿಡಬೇಕಲ್ಲ. ಇಲ್ಲಾಂದ್ರೆ ನಾಳೆ ಒಬ್ರು ಮೀನು ಹೋಯ್ತು ಅಂತಾರೆ, ಇನ್ನೊಬ್ರು ಏನೂ ಆಗಿಲ್ಲ ಅಂತಾರೆ. ಲೆಕ್ಕ ಯಾರ ಹತ್ರ ಐತೆ?’

ಒಂದು ವರ್ಷದ ಅಳತೆ ಸಾಲದಂತೆ. ಮಳೆ ಒಂದೊಂದು ವರ್ಷ ಒಂದೊಂದು ಥರ, ಉಪ್ಪಿನ ಲೆಕ್ಕವೂ ಹಾಗೇ. ಪ್ರತಿ ತಿಂಗಳು, ಅದೇ ಜಾಗ, ಭರತ–ಇಳಿತದ ಅದೇ ಹೊತ್ತು, ಹಲವು ವರ್ಷ ಅಳೆಯಬೇಕು.

ಊರಿಗೆ ಬಂದ ಮೇಲೆ ನಮ್ಮ ಹೊಳೆಯನ್ನೂ ನೆನೆದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ. ಪಿನಾಕಿನಿ ನೆಲ್ಲೂರಿನ ಆಚೆ ಪೂರ್ವದ ಕಡಲಿಗೆ ಹೋಗುತ್ತದೆ. ಅಲ್ಲೂ ಒಂದು ಅಳಿವೆ ಇದೆ. 2022ರಲ್ಲಿ ಜಯಮಂಗಲಿ ತುಂಬಿ ಹರಿದಾಗ, ಆ ನೀರಿಗೆ ಕಾದವರು ಕೆಳಗೆ ಇದ್ದಾರೆಂದು ನಮಗೆ ಹೊಳೆದಿರಲಿಲ್ಲ. ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟ ಮಳೆ ಲೆಕ್ಕವನ್ನು ಅವಳು ಕೇಳಿದ್ದಾಳೆ. ಈ ವಾರ ನಕಲು ಮಾಡಿ ಕಳಿಸಬೇಕು.